ಒಂದೇ ಪ್ರಶ್ನೆಗೆ ಹತ್ತು ಸಲ ಉತ್ತರಿಸುವ ಬದಲು: ನಿಮ್ಮದೇ ಒಂದು ವಿಕಿ ಕಟ್ಟುವುದು ಹೇಗೆ?

"ಟೆಂಟುಗಳು ಈಗ ಯಾರ ಹತ್ತಿರ ಇವೆ?"

ನಮ್ಮ ಚಾರಣದ ಗುಂಪಿನಲ್ಲಿ ಈ ಪ್ರಶ್ನೆ ಒಂದೇ ತಿಂಗಳಲ್ಲಿ ನಾಲ್ಕು ಸಲ ಬಂತು. ನಾಲ್ಕು ಸಲವೂ ಯಾರೋ ಒಬ್ಬರು ಉತ್ತರ ಕೊಟ್ಟರು. ಆ ಉತ್ತರ ಫೋಟೊ, ಶುಭಾಶಯ, ಫಾರ್ವರ್ಡ್‌ಗಳ ರಾಶಿಯಲ್ಲಿ ಮುಳುಗಿಹೋಯಿತು. ಅಷ್ಟು ಮೇಲಕ್ಕೆ ಹೋಗಿ ಹುಡುಕುವುದಕ್ಕಿಂತ ಮತ್ತೊಮ್ಮೆ ಕೇಳುವುದೇ ಸುಲಭ, ಅಲ್ವಾ? ಅಷ್ಟರಲ್ಲಿ ಸಾಮಾನಿನ ಲೆಕ್ಕವನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದ ಗೆಳೆಯ ಬೇರೆ ಊರಿಗೆ ಹೊರಟುಹೋದ. ಯಾವ ಟೆಂಟಿನ ಜಿಪ್ ಕಿತ್ತಿದೆ, ಒಲೆಯನ್ನು ಬಿಚ್ಚಿ ಶುಚಿ ಮಾಡುವುದು ಹೇಗೆ, ಔಷಧಿ ಪೆಟ್ಟಿಗೆಯಲ್ಲಿ ಏನೇನು ಮುಗಿದಿದೆ, ಇದೆಲ್ಲ ಅವನ ಜೊತೆಗೇ ಹೋಯಿತು. ಆಗ ನಾವು ಒಂದು ವಿಕಿ, ಅಂದರೆ ಓದುವವರೇ ತಿದ್ದಬಹುದಾದ ಪುಟಗಳ ಸಂಗ್ರಹ, ಮಾಡಿಕೊಂಡೆವು.

ವಿಕಿ ಅಂದ ಕೂಡಲೇ ವಿಕಿಪೀಡಿಯ ನೆನಪಾಗುತ್ತದೆ. ಅದು ಶುರುವಾಗಿದ್ದು 2001ರ ಜನವರಿ 15ರಂದು. ವಿಕಿ ಅದಕ್ಕಿಂತ ಹಳೆಯದು. ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ಮೊದಲ ವಿಕಿಯನ್ನು ತೆರೆದರು. ಸಾಫ್ಟ್‌ವೇರ್ ಬರೆಯುವವರು ತಾವು ಕಲಿತದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಒಂದು ಜಾಗ ಬೇಕು ಎಂಬುದು ಅವರ ಆಸೆ. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಟರ್ಮಿನಲ್‌ಗಳ ನಡುವೆ ಓಡುವ ಬಸ್ಸಿಗೆ 'ವಿಕಿ ವಿಕಿ' ಎಂಬ ಹೆಸರಿತ್ತು. ಹವಾಯಿ ಭಾಷೆಯಲ್ಲಿ ವಿಕಿ ಅಂದರೆ ಬೇಗ. ಅದೇ ಹೆಸರನ್ನು ಅವರು ಇಟ್ಟುಕೊಂಡರು.

ಆ ಹೆಸರು ಸರಿಯಾಗಿಯೇ ಇದೆ. ವಿಕಿಯಲ್ಲಿ ಓದುವ ಪುಟದ ಮೇಲೇ 'ಸಂಪಾದಿಸಿ' ಎಂಬ ಗುಂಡಿ ಇರುತ್ತದೆ. ತಪ್ಪು ಕಂಡವರು ಅಲ್ಲೇ ಒತ್ತಿ, ಅಲ್ಲೇ ತಿದ್ದಿ, ಉಳಿಸಿ ಮುಂದೆ ಹೋಗಬಹುದು. ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ವಾರ ಕಾಯಬೇಕಿಲ್ಲ. ಸಣ್ಣ ತಂಡಕ್ಕೆ, ಮನೆಗೆ, ಸಂಘಕ್ಕೆ ಇದು ಎಷ್ಟು ಉಪಕಾರಿ ಎನ್ನುವುದು ಬಳಸಿ ನೋಡಿದವರಿಗೇ ಗೊತ್ತು. ಕಟ್ಟುವುದು ಹೇಗೆ, ನೋಡೋಣ.

1. ಒಂದು ವಾರ ಬರೀ ಪ್ರಶ್ನೆಗಳನ್ನು ಬರೆದಿಡಿ

ಸಾಫ್ಟ್‌ವೇರ್ ಹುಡುಕುವ ಮೊದಲು ಈ ಕೆಲಸ ಮಾಡಿ. ಒಂದು ವಾರ ನಿಮ್ಮ ಗುಂಪಿನಲ್ಲಿ ಅಥವಾ ಮನೆಯಲ್ಲಿ ಯಾವ ಪ್ರಶ್ನೆಗಳು ಎರಡನೇ ಸಲ ಬಂದವು ಎಂದು ಗುರುತು ಹಾಕಿಕೊಳ್ಳಿ. ಮನೆಯಲ್ಲಾದರೆ "ವಾಷಿಂಗ್ ಮಷಿನ್ ವಾರಂಟಿ ಯಾವಾಗ ಮುಗಿಯುತ್ತೆ?", "ನೀರಿನ ಫಿಲ್ಟರ್ ಹೋದ ಸಲ ಬದಲಾಯಿಸಿದ್ದು ಯಾವಾಗ?" ಕೆಲಸದ ಜಾಗದಲ್ಲಾದರೆ "ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು?", "ಹೊಸಬರು ಮೊದಲ ದಿನ ಯಾವ ಫಾರಂ ತುಂಬಬೇಕು?"

ಇಂಥ ಹತ್ತು ಪ್ರಶ್ನೆ ಸಿಕ್ಕರೆ ನಿಮ್ಮ ಮೊದಲ ಹತ್ತು ಪುಟ ಸಿಕ್ಕಿದ ಹಾಗೆ. ಒಂದೂ ಸಿಗದಿದ್ದರೆ ನಿಮಗೆ ಸದ್ಯ ವಿಕಿ ಬೇಡ. "ಮುಂದೆ ಯಾವತ್ತಾದರೂ ಬೇಕಾಗಬಹುದು" ಎಂದು ಬರೆದ ಪುಟಗಳನ್ನು ಯಾರೂ ಓದುವುದಿಲ್ಲ.

ಎಲ್ಲ ಮಾಹಿತಿಯೂ ವಿಕಿಗೆ ಸೇರುವುದಿಲ್ಲ. "ನಾಳೆ ಬೆಳಗ್ಗೆ ಐದಕ್ಕೆ ಹೊರಡೋಣ" ಎನ್ನುವುದು ಮೆಸೇಜಿಗೆ ಸರಿ. ದಿನಾಂಕಗಳಿಗೆ ಕ್ಯಾಲೆಂಡರ್ ಇದೆ. ಕೂಡಿ ಕಳೆಯುವ ಲೆಕ್ಕಕ್ಕೆ ಸ್ಪ್ರೆಡ್‌ಶೀಟ್ ಇದೆ. ಇವತ್ತು ಬರೆದದ್ದು ಮುಂದಿನ ತಿಂಗಳೂ ಬೇಕಾಗುತ್ತದೆ, ನಡುವೆ ಅಷ್ಟಿಷ್ಟು ಬದಲಾಗುತ್ತದೆ ಅನ್ನುವಂಥದ್ದು ವಿಕಿಗೆ ಸೇರಬೇಕು.

2. ಜಾಗ ಆರಿಸಿಕೊಳ್ಳಿ

ಇಲ್ಲಿ ಜಾಸ್ತಿ ದಿನ ಕಳೆಯಬೇಡಿ. ಮೂರು ಉಚಿತ ಸಾಫ್ಟ್‌ವೇರ್‌ಗಳ ಹೆಸರು ಹೇಳುತ್ತೇನೆ.

ನೀವೊಬ್ಬರೇ ಬಳಸುವುದಾದರೆ ಟಿಡ್ಲಿವಿಕಿ. ಇಡೀ ವಿಕಿ ಒಂದೇ ಒಂದು ಫೈಲಿನಲ್ಲಿ ಕುಳಿತಿರುತ್ತದೆ. ಬ್ರೌಸರಿನಲ್ಲಿ ತೆರೆದು ಬರೆಯಬಹುದು, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಬಹುದು. ಹತ್ತಿಪ್ಪತ್ತು ಜನರ ತಂಡಕ್ಕೆ ಡೋಕುವಿಕಿ ಚೆನ್ನ. ಅದಕ್ಕೆ ಡೇಟಾಬೇಸ್ ಬೇಕಿಲ್ಲ, ಪುಟಗಳೆಲ್ಲ ಸಾದಾ ಟೆಕ್ಸ್ಟ್ ಫೈಲುಗಳು. ಹಾಗಾಗಿ ಬ್ಯಾಕಪ್ ಅಂದರೆ ಒಂದು ಫೋಲ್ಡರನ್ನು ನಕಲು ಮಾಡಿಕೊಳ್ಳುವುದು, ಅಷ್ಟೇ. ಯಾವ ಪುಟ ಯಾರಿಗೆ ಕಾಣಬೇಕು ಎಂದೂ ಅದರಲ್ಲಿ ಹೇಳಬಹುದು. ಇದನ್ನು ಸರ್ವರ್‌ಗೆ (ಎಲ್ಲರಿಗೂ ಪುಟಗಳನ್ನು ಒದಗಿಸುವ ಕಂಪ್ಯೂಟರಿಗೆ) ಹಾಕಲು ತಂಡದಲ್ಲಿ ಒಬ್ಬರಿಗಾದರೂ ಸ್ವಲ್ಪ ಗೊತ್ತಿರಬೇಕು. ಇನ್ನು ಮೀಡಿಯಾವಿಕಿ. ವಿಕಿಪೀಡಿಯ ನಡೆಯುವುದು ಅದರ ಮೇಲೆಯೇ. ಎಲ್ಲರಿಗೂ ತೆರೆದಿಡುವ ದೊಡ್ಡ ವಿಕಿಗೆ ಅದು ಸರಿ. ಕೆಲವು ಪುಟಗಳನ್ನು ಕೆಲವರಿಗೆ ಮಾತ್ರ ತೋರಿಸಬೇಕು ಅನ್ನುವವರಿಗೆ ಅದು ಹೊಂದುವುದಿಲ್ಲ. ಎಲ್ಲವೂ ತೆರೆದಿರಲಿ ಎಂಬ ಲೆಕ್ಕದಲ್ಲೇ ಅದನ್ನು ಕಟ್ಟಿದ್ದಾರೆ.

ಇದ್ಯಾವುದೂ ಆಗುವುದಿಲ್ಲ ಅನ್ನಿಸಿದರೆ, ಎಲ್ಲರೂ ತಿದ್ದಬಹುದಾದ ಆನ್‌ಲೈನ್ ಡಾಕ್ಯುಮೆಂಟಿನಲ್ಲೇ ಶುರು ಮಾಡಿ. ಮೂರು ಗುಣ ಇದ್ದರೆ ಸಾಕು. ತಂಡದ ಎಲ್ಲರೂ ತಿದ್ದುವಂತಿರಬೇಕು. ಹಳೆಯ ರೂಪ ಮತ್ತೆ ಸಿಗುವಂತಿರಬೇಕು. ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಕೊಡುವುದು ಸುಲಭ ಇರಬೇಕು.

3. ಮುಖಪುಟ ಚಿಕ್ಕದಿರಲಿ

ಒಂದು ಸಾಲಿನಲ್ಲಿ ಇದು ಯಾರಿಗಾಗಿ ಎಂದು ಹೇಳಿ. ಕೆಳಗೆ ಆರೇಳು ಲಿಂಕ್ ಕೊಡಿ. ಸ್ವಾಗತ ಭಾಷಣ ಬೇಡ.

4. ಒಂದು ವಿಷಯಕ್ಕೆ ಒಂದು ಪುಟ, ಜನ ಹುಡುಕುವ ಹೆಸರು

ಹೆಚ್ಚಿನ ವಿಕಿಗಳು ಸೋಲುವುದು ಹೆಸರಿನಲ್ಲೇ ಎಂದು ನನಗನ್ನಿಸುತ್ತದೆ. ನಾನು ಮೊದಲು ಮಾಡಿದ ಪುಟದ ಹೆಸರು 'ಸಾಮಗ್ರಿ ನಿರ್ವಹಣಾ ವಿವರಗಳು'. ಒಬ್ಬರೂ ತೆರೆಯಲಿಲ್ಲ. ಟೆಂಟ್ ಬೇಕಾದವರು 'ಟೆಂಟ್' ಎಂದೇ ಹುಡುಕುತ್ತಾರೆ. ಆ ಪುಟವನ್ನು ಒಡೆದು 'ಟೆಂಟ್', 'ಒಲೆ', 'ಔಷಧಿ ಪೆಟ್ಟಿಗೆ' ಎಂದು ಮೂರು ಮಾಡಿದ ಮೇಲೆ ಜನ ಬರತೊಡಗಿದರು. ಫೈಲಿಗೆ ಇಡುವಂಥ ಹೆಸರನ್ನು ಪುಟಕ್ಕೆ ಇಡಬೇಡಿ. ಬಾಯಲ್ಲಿ ಬರುವ ಹೆಸರನ್ನೇ ಇಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಒಬ್ಬರು 'ಟೆಂಟ್' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಟೆಂಟು', ಮತ್ತೊಬ್ಬರು 'ಗುಡಾರ', 'ಡೇರೆ'. ಹೊರಗಿನಿಂದ ಬಂದ ಪದಗಳಿಗಂತೂ ಮೂರು ನಾಲ್ಕು ಕಾಗುಣಿತ ಮಾಮೂಲು. ಇದಕ್ಕೆ ವಿಕಿಯಲ್ಲಿ ರೀಡೈರೆಕ್ಟ್ ಎಂಬ ಉಪಾಯವಿದೆ. 'ಗುಡಾರ' ಎಂಬ ಹೆಸರಿನಲ್ಲಿ ಒಂದು ಖಾಲಿ ಪುಟ ಮಾಡಿ, ಅದು ಸೀದಾ 'ಟೆಂಟ್' ಪುಟಕ್ಕೆ ಕರೆದೊಯ್ಯುವಂತೆ ಹೇಳಬಹುದು. ಮೀಡಿಯಾವಿಕಿಯಲ್ಲಿ ಇದು ಮೊದಲೇ ಇದೆ. ಡೋಕುವಿಕಿಗೆ ಒಂದು ಪ್ಲಗಿನ್ (ಸಾಫ್ಟ್‌ವೇರಿಗೆ ಜೋಡಿಸುವ ಹೆಚ್ಚುವರಿ ತುಣುಕು) ಹಾಕಿಕೊಳ್ಳಬೇಕು. ಹೀಗೆ ಮಾಡಿದರೆ "ಯಾವ ಪದ ಸರಿ" ಎಂಬ ಜಗಳವೇ ಇಲ್ಲ. ಯಾರು ಯಾವ ಪದ ಹಾಕಿ ಹುಡುಕಿದರೂ ಬೇಕಾದ ಪುಟ ಸಿಗುತ್ತದೆ.

ಪುಟದ ಒಳಗೆ ಉತ್ತರ ಮೊದಲು ಬರಲಿ, ಕಥೆ ಆಮೇಲೆ. ನಮ್ಮ ಟೆಂಟ್ ಪುಟದ ಮೊದಲ ಸಾಲು ಯಾವ ಟೆಂಟ್ ಯಾರ ಮನೆಯಲ್ಲಿದೆ ಎಂಬುದು. ಎರಡನೆಯದು ಯಾವುದು ಹಾಳಾಗಿದೆ ಎಂಬುದು. ಮಡಚುವ ವಿಧಾನ, ಒಣಗಿಸುವ ವಿಧಾನ ಇವೆಲ್ಲ ಕೆಳಗೆ. ಕೊನೆಯಲ್ಲಿ 'ಪರಿಶೀಲಿಸಿದ್ದು' ಎಂದು ಬರೆದು ತಾರೀಕು ಹಾಕುತ್ತೇವೆ. ಆ ತಾರೀಕು ನೋಡಿದರೆ ಪುಟವನ್ನು ಎಷ್ಟು ನಂಬಬಹುದು ಎಂದು ಓದುವವರಿಗೆ ಗೊತ್ತಾಗುತ್ತದೆ.

5. ಲಿಂಕ್ ಹಾಕಿ, ಇಲ್ಲದ ಪುಟಕ್ಕೂ ಹಾಕಿ

ಮೇಲೆ ಹೇಳಿದ ಮೂರೂ ಸಾಫ್ಟ್‌ವೇರ್‌ಗಳಲ್ಲಿ ಲಿಂಕ್ ಕೊಡುವ ಕ್ರಮ ಒಂದೇ. ಪುಟದ ಹೆಸರನ್ನು ಎರಡೆರಡು ಚೌಕ ಕಂಸಗಳ ನಡುವೆ ಬರೆಯಬೇಕು, [[ಔಷಧಿ ಪೆಟ್ಟಿಗೆ]] ಎಂಬಂತೆ. ಆ ಹೆಸರಿನ ಪುಟ ಇದ್ದರೆ ಲಿಂಕ್ ಆಗುತ್ತದೆ.

ಇಲ್ಲದಿದ್ದರೆ? ವಿಕಿಯ ಅಂದ ಇರುವುದೇ ಇಲ್ಲಿ. ಮೀಡಿಯಾವಿಕಿ, ಡೋಕುವಿಕಿಗಳಲ್ಲಿ ಅದು ಕೆಂಪಗೆ ಕಾಣುತ್ತದೆ. ಕನ್ನಿಂಗ್‌ಹ್ಯಾಮ್ ಅವರ ಮೊದಲ ವಿಕಿಯಲ್ಲಿ ಅಂಥ ಹೆಸರಿನ ಪಕ್ಕ ಒಂದು ಪ್ರಶ್ನೆ ಚಿಹ್ನೆ ಬರುತ್ತಿತ್ತು. ಕೆಂಪು ಲಿಂಕನ್ನು ಒತ್ತಿದರೆ ಹೊಸ ಪುಟ ಬರೆಯುವ ಜಾಗ ತೆರೆಯುತ್ತದೆ. "ಇಲ್ಲಿ ಒಂದು ಪುಟ ಬೇಕು, ಗೊತ್ತಿದ್ದವರು ಬರೆಯಿರಿ" ಎಂದು ಕರೆದ ಹಾಗೆ. ನಾನು 'ಒಲೆ' ಪುಟದಲ್ಲಿ 'ಮಳೆಯಲ್ಲಿ ಬೆಂಕಿ' ಎಂದು ಒಂದು ಕೆಂಪು ಲಿಂಕ್ ಬಿಟ್ಟಿದ್ದೆ. ಮೂರು ವಾರದ ಮೇಲೆ ನೋಡಿದರೆ, ಗುಂಪಿನಲ್ಲಿ ಮಾತೇ ಆಡದ ಒಬ್ಬರು ಅಲ್ಲಿ ಒಂದು ಪುಟದ ತುಂಬ ಬರೆದಿದ್ದರು. ಅಷ್ಟು ಒಳ್ಳೆಯ ಪುಟ ನಮ್ಮ ವಿಕಿಯಲ್ಲಿ ಇನ್ನೊಂದಿಲ್ಲ.

6. ಹೆದರಿಕೆ ಬಿಡಿಸಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ವಿಕಿ ಶುರುವಾದ ಮೊದಲ ಎರಡು ತಿಂಗಳು ನಾನೊಬ್ಬನೇ ಬರೆಯುತ್ತಿದ್ದೆ. ಉಳಿದವರು ಓದುತ್ತಿದ್ದರು, ತಪ್ಪು ಕಂಡರೆ ನನಗೆ ಮೆಸೇಜ್ ಕಳಿಸುತ್ತಿದ್ದರು. "ನೀವೇ ತಿದ್ದಬಹುದಲ್ಲ" ಅಂದರೆ, "ಬೇಡಪ್ಪ, ಏನಾದರೂ ಹಾಳಾದರೆ?" ಅನ್ನುತ್ತಿದ್ದರು. ಬೇರೆಯವರು ಬರೆದದ್ದನ್ನು ಮುಟ್ಟಲು ಸಂಕೋಚ. ಎಲ್ಲರ ಮುಂದೆ ತಪ್ಪು ಮಾಡಲು ಅಂಜಿಕೆ. ಎರಡೂ ಸಹಜ.

ಒಂದು ಭಾನುವಾರ ಎಲ್ಲರೂ ಸೇರಿದ್ದಾಗ ನಾನು ಅವರ ಕಣ್ಣೆದುರೇ ಟೆಂಟ್ ಪುಟವನ್ನು ಪೂರ್ತಿ ಅಳಿಸಿ ಉಳಿಸಿದೆ. ಖಾಲಿ ಪುಟ. ಒಂದಿಬ್ಬರು "ಅಯ್ಯೋ" ಅಂದರು. ಆಮೇಲೆ 'ಇತಿಹಾಸ' ಗುಂಡಿ ಒತ್ತಿದೆ. ಯಾರು, ಯಾವಾಗ, ಏನು ಬದಲಾಯಿಸಿದರು ಎಂಬ ಪಟ್ಟಿ ಬಂತು. ಹಿಂದಿನ ರೂಪವನ್ನು ಆರಿಸಿ ಮರಳಿಸಿದೆ. ಅರ್ಧ ನಿಮಿಷದಲ್ಲಿ ಪುಟ ಮೊದಲಿನ ಹಾಗೆ. ಅವತ್ತು ಸಂಜೆಯೇ ಮೂವರು ತಮ್ಮ ಮೊದಲ ತಿದ್ದುಪಡಿ ಮಾಡಿದರು.

ನೀವೂ ಹೀಗೆ ಮಾಡಿ ತೋರಿಸಿ. ಹೊಸಬರಿಗೆ ಆಟವಾಡಲು ಒಂದು 'ಪ್ರಯೋಗಪುಟ' ಇಡಿ. ಯಾರಾದರೂ "ಅಲ್ಲಿ ತಪ್ಪಿದೆ" ಅಂದರೆ ನೀವೇ ಓಡಿಹೋಗಿ ತಿದ್ದಬೇಡಿ. ಪಕ್ಕದಲ್ಲಿ ಕುಳಿತು ಅವರ ಕೈಯಲ್ಲೇ ತಿದ್ದಿಸಿ. ಒಂದು ಅಕ್ಷರ ತಿದ್ದಿದರೂ ಸಾಕು. ಆಮೇಲೆ ಅವರಿಗೆ ಆ ವಿಕಿ ತಮ್ಮದು ಅನ್ನಿಸುತ್ತದೆ. ತಿದ್ದಿದ್ದಕ್ಕೆ ಒಂದು ಥ್ಯಾಂಕ್ಸ್ ಹೇಳಿ. ಕಾಗುಣಿತದ ತಪ್ಪು ಕಂಡರೆ ಎತ್ತಿ ಆಡದೆ ಸುಮ್ನೆ ಸರಿ ಮಾಡಿ.

ಇಬ್ಬರ ಅಭಿಪ್ರಾಯ ಬೇರೆಯಾದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುವ ಆಟ ಶುರುವಾಗಬಹುದು. ಅದಕ್ಕೇ ಮೀಡಿಯಾವಿಕಿಯಲ್ಲಿ ಪ್ರತಿ ಪುಟದ ಜೊತೆ ಒಂದು 'ಚರ್ಚೆ' ಪುಟ ಇರುತ್ತದೆ. ನಿಮ್ಮ ವಿಕಿಯಲ್ಲಿ ಇಲ್ಲದಿದ್ದರೆ ಆ ಹೆಸರಿನಲ್ಲಿ ನೀವೇ ಒಂದು ಪುಟ ಮಾಡಿಕೊಳ್ಳಿ. ವಾದ ಅಲ್ಲಿ ನಡೆಯಲಿ, ತೀರ್ಮಾನ ಮಾತ್ರ ಪುಟಕ್ಕೆ ಬರಲಿ.

7. ಏನನ್ನು ಬರೆಯಬಾರದು

ಪಾಸ್‌ವರ್ಡ್, ಬ್ಯಾಂಕ್ ಖಾತೆಯ ವಿವರ, ಗುರುತಿನ ಚೀಟಿಯ ನಂಬರ್, ಯಾರದೇ ಕಾಯಿಲೆಯ ವಿಷಯ, ಇವು ಯಾವುವೂ ವಿಕಿಯಲ್ಲಿ ಬೇಡ. ಬೇರೆಯವರ ಫೋನ್ ನಂಬರ್ ಹಾಕುವ ಮೊದಲು ಅವರನ್ನು ಕೇಳಿ. ಒಂದು ಮಾತು ಚೆನ್ನಾಗಿ ನೆನಪಿರಲಿ: ಪುಟದಿಂದ ಅಳಿಸಿದ್ದು ಇತಿಹಾಸದಲ್ಲಿ ಉಳಿದಿರುತ್ತದೆ. ತಪ್ಪಿನಿಂದ ಕಾಪಾಡುವ ಅದೇ ಇತಿಹಾಸ, ಗುಟ್ಟನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಗೊತ್ತಿಲ್ಲದೆ ಪಾಸ್‌ವರ್ಡ್ ಹಾಕಿಬಿಟ್ಟರೆ ಅದನ್ನು ಅಳಿಸಿ ಸುಮ್ಮನಾಗಬೇಡಿ, ಪಾಸ್‌ವರ್ಡನ್ನೇ ಬದಲಾಯಿಸಿ.

ಬೇರೆ ಕಡೆಯಿಂದ ಬರಹವನ್ನು ಎತ್ತಿ ತಂದು ಹಾಕುವುದೂ ತಪ್ಪು. ವಿಕಿಪೀಡಿಯದ ಬರಹವನ್ನು ಬಳಸಬಹುದು. ಆದರೆ ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಎಲ್ಲಿಂದ ತಂದಿರಿ ಎಂದು ಹೇಳಬೇಕು. ಬದಲಾಯಿಸಿ ಬೇರೆಯವರಿಗೆ ಹಂಚಿದರೆ ಅದೇ ಪರವಾನಗಿಯಲ್ಲೇ ಹಂಚಬೇಕು.

8. ತಿಂಗಳಿಗೊಮ್ಮೆ ಕಳೆ ಕೀಳಿ

ವಿಕಿಯನ್ನು ತೋಟಕ್ಕೆ ಹೋಲಿಸುವುದು ವಿಕಿ ಮಂದಿಯ ಹಳೆಯ ರೂಢಿ. ಪುಟಗಳನ್ನು ಒಪ್ಪ ಮಾಡುವವರನ್ನು ತೋಟಗಾರರು ಅಂತಲೇ ಕರೆಯುತ್ತಾರೆ. ತಂಡದಲ್ಲಿ ಇಬ್ಬರು ತೋಟಗಾರರಿರಲಿ. ಒಬ್ಬರೇ ಇದ್ದರೆ, ಅವರು ಹೊರಟ ದಿನ ಮತ್ತೆ ನಮ್ಮ ಟೆಂಟಿನ ಕಥೆಯೇ ಆಗುತ್ತದೆ.

ಅವರ ಕೆಲಸ ಬಹಳವಿಲ್ಲ, ತಿಂಗಳಿಗೆ ಅರ್ಧ ಗಂಟೆ. 'ಇತ್ತೀಚೆಗಿನ ಬದಲಾವಣೆಗಳು' ಪುಟ ನೋಡಬೇಕು. ಒಂದೇ ವಿಷಯಕ್ಕೆ ಎರಡು ಪುಟ ಇದ್ದರೆ ಸೇರಿಸಬೇಕು. ಯಾವ ಲಿಂಕೂ ಬಾರದೆ ಒಂಟಿಯಾಗಿ ಉಳಿದ ಪುಟಗಳನ್ನು ಎಲ್ಲಾದರೂ ಜೋಡಿಸಬೇಕು. ತುಂಬ ಹಳೆಯ ತಾರೀಕಿನ ಪುಟ ಕಂಡರೆ ಸಂಬಂಧಪಟ್ಟವರನ್ನು ಕೇಳಬೇಕು. ಬ್ಯಾಕಪ್ ತೆಗೆಯಬೇಕು, ತೆಗೆದದ್ದು ತೆರೆಯುತ್ತದೆಯೇ ಎಂದೂ ನೋಡಬೇಕು. ವಿಕಿ ಎಲ್ಲರಿಗೂ ತೆರೆದಿದ್ದರೆ, ಖಾತೆ ಇದ್ದವರು ಮಾತ್ರ ತಿದ್ದುವಂತೆ ಮಾಡಿ. ಜಾಹೀರಾತು ತುಂಬುವ ಸ್ಪ್ಯಾಮ್ ಕಾಟ ಕಡಿಮೆಯಾಗುತ್ತದೆ.

9. ಉತ್ತರದ ಬದಲು ಲಿಂಕ್ ಕಳಿಸಿ

ವಿಕಿ ಇದೆ ಎಂದು ಜನ ಮರೆಯುತ್ತಾರೆ. ಹಳೆಯ ಅಭ್ಯಾಸದಂತೆ ಗುಂಪಿನಲ್ಲೇ ಕೇಳುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, "ವಿಕಿ ನೋಡಿ" ಎಂದು ಗದರಬೇಡಿ. ಬೇಕಾದ ಪುಟದ ಲಿಂಕನ್ನೇ ಕಳಿಸಿ. ಆ ಪುಟದಲ್ಲಿ ಉತ್ತರ ಇಲ್ಲದಿದ್ದರೆ ಮೊದಲು ಅಲ್ಲಿ ಬರೆದು, ಆಮೇಲೆ ಲಿಂಕ್ ಕಳಿಸಿ. ಮೆಸೇಜಿನಲ್ಲಿ ಬರೆಯುವುದಕ್ಕೆ ಬೇಕಾದಷ್ಟೇ ಹೊತ್ತು ಇದಕ್ಕೂ ಸಾಕು.

ಹೋದ ತಿಂಗಳು ನಮ್ಮ ಗುಂಪಿಗೆ ಹೊಸದಾಗಿ ಸೇರಿದವರೊಬ್ಬರು ಟೆಂಟ್ ಎಲ್ಲಿದೆ ಎಂದು ಕೇಳಿದರು. ನಾನು ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಬೇರೆ ಯಾರೋ ಲಿಂಕ್ ಹಾಕಿದ್ದರು. ಹತ್ತು ನಿಮಿಷದ ಮೇಲೆ ಹೊಸಬರಿಂದ ಮತ್ತೊಂದು ಮೆಸೇಜ್ ಬಂತು: "ನೋಡಿದೆ. ಎರಡನೇ ಟೆಂಟ್ ಈಗ ನನ್ನ ಹತ್ತಿರ ಇದೆ, ಪುಟದಲ್ಲಿ ತಿದ್ದಿದ್ದೇನೆ."