ಮೊದಲ ಐದು ಸೆಂಟಿಮೀಟರ್‌ಗಳ ಮಹಿಮೆ

ಮನೆಗೆ ಉಷ್ಣನಿರೋಧಕ ಹಲಗೆ ಹೊದಿಸುವ ಮಾತು ಬಂದಾಗ ಎಲ್ಲರೂ ಕೇಳುವುದು ಎಷ್ಟು ವಿದ್ಯುತ್ ಉಳಿಯುತ್ತದೆ ಎಂದು. ಆ ಹಲಗೆ ತಯಾರಾಗುವಾಗ ಎಷ್ಟು ಇಂಧನ ಉರಿಯಿತು, ಮನೆ ಕೆಡವಿದ ದಿನ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಅಪರೂಪ. ಇವೆಲ್ಲವನ್ನೂ ಒಂದೇ ಲೆಕ್ಕಕ್ಕೆ ತರುವುದು ನನ್ನ ಕೆಲಸ. ಹಳೆಯ ಇಟ್ಟಿಗೆ ಮನೆಯೊಂದರ ನವೀಕರಣಕ್ಕೆ ಅದನ್ನು ಮಾಡಿದ ಬಗೆ ಇದು.

ಐಎಸ್‌ಒ 14040 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವ ಜೀವನಚಕ್ರ ಮೌಲ್ಯಮಾಪನದ, ಅಂದರೆ ತಯಾರಿಕೆಯಿಂದ ವಿಲೇವಾರಿವರೆಗಿನ ಲೆಕ್ಕದ, ಚೌಕಟ್ಟನ್ನೇ ಹಿಡಿದು, ಅವಧಿಯನ್ನು 50 ವರ್ಷ ಎಂದು ಇಟ್ಟುಕೊಂಡೆ. ವಸ್ತುಗಳನ್ನು ತೂಕದಿಂದ ಹೋಲಿಸಲಿಲ್ಲ. ಕಿಲೋ ಲೆಕ್ಕದಲ್ಲಿ ಥರ್ಮಾಕೋಲ್, ಕಲ್ಲು ಕರಗಿಸಿ ನಾರಾಗಿಸಿದ ಕಲ್ಲಿನ ಉಣ್ಣೆಗಿಂತ (ರಾಕ್‌ವುಲ್) ಹಲವು ಪಟ್ಟು ಹೆಚ್ಚು ಶಕ್ತಿ ನುಂಗುತ್ತದೆ. ಆದರೆ ಒಂದು ಚದರ ಮೀಟರ್ ಗೋಡೆಯಲ್ಲಿ ಒಂದೇ ಪ್ರಮಾಣದ ಶಾಖ ತಡೆಯಲು ಥರ್ಮಾಕೋಲ್ ಅರ್ಧ ಕಿಲೋಗಿಂತ ತುಸು ಹೆಚ್ಚು ಬೇಕಾದರೆ, ಗೋಡೆಗೆ ಹಚ್ಚುವ ಗಟ್ಟಿ ಕಲ್ಲಿನ ಉಣ್ಣೆ ಮೂರೂವರೆ ಕಿಲೋ ದಾಟುತ್ತದೆ. ಹೀಗೆ ನೋಡಿದರೆ ಆ ಅಂತರ ಬಹುಮಟ್ಟಿಗೆ ಕರಗಿಹೋಗುತ್ತದೆ.

ನಿಜವಾದ ಸ್ವಾರಸ್ಯ ಇರುವುದು ದಪ್ಪದಲ್ಲಿ. ಬರಿಯ ಗೋಡೆಯ ಯು-ಮೌಲ್ಯ 2 ಇತ್ತು; ಅಂದರೆ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ 2 ವ್ಯಾಟ್ ಶಾಖ ದಾಟುತ್ತದೆ. 5 ಸೆಂಟಿಮೀಟರ್ ಹಲಗೆ ಹಚ್ಚಿದರೆ ಅದು ಸುಮಾರು 0.52ಕ್ಕೆ ಕುಸಿಯುತ್ತದೆ, 10ಕ್ಕೆ 0.30, 20ಕ್ಕೆ 0.16. ಮೊದಲ 5 ಸೆಂಟಿಮೀಟರ್‌ಗಳೇ ಮುಕ್ಕಾಲು ಪಾಲು ಕೆಲಸ ಮುಗಿಸಿಬಿಟ್ಟವು. ಕೊನೆಯ 10 ಸೆಂಟಿಮೀಟರ್‌ಗಳು ಉಳಿಸಿದ್ದು ಬರೀ 0.14, ಆದರೆ ಅವುಗಳ ತಯಾರಿಕೆಯ ಹೊರೆ ಮೊದಲ 10ರಷ್ಟೇ. ಹಾಗಾಗಿ ಒಟ್ಟು ದಪ್ಪಕ್ಕಲ್ಲ, ಸೇರಿಸುವ ಪ್ರತಿ ಪದರಕ್ಕೂ ಬೇರೆಯಾಗಿ ಇಂಗಾಲದ ಸಾಲ-ಮರುಪಾವತಿ ಬರೆದೆ: ತಯಾರಿಕೆಯ ಹೊರೆ ಸಾಲ, ಉಳಿತಾಯ ಮರುಪಾವತಿ. ವಿದ್ಯುತ್ ಜಾಲಕ್ಕೆ ಸೌರ, ಪವನ ಶಕ್ತಿ ಸೇರುತ್ತ ಹೋದಂತೆ ಉಳಿತಾಯದ ಇಂಗಾಲ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಹಲಗೆ ತಯಾರಾಗುವಾಗ ಹೊರಬಿದ್ದ ಇಂಗಾಲವೋ ಆಗಲೇ ಆಕಾಶ ಸೇರಿರುತ್ತದೆ. ಇಂದಿನ ಜಾಲವೇ 50 ವರ್ಷ ಹಾಗೆಯೇ ಇರುತ್ತದೆಂದು ಲೆಕ್ಕ ಹಾಕಿದರೆ ದಪ್ಪ ಹಲಗೆ ಸಲೀಸಾಗಿ ಗೆಲ್ಲುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಗೋಡೆಗೆ 10 ಸೆಂಟಿಮೀಟರ್‌ನಲ್ಲಿ ನಿಲ್ಲಿಸಿದೆ.

ಚಾವಣಿಗೆ ನೀರು ಹೀರದ ಎಕ್ಸ್‌ಪಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ನೊರೆಯ ಹಲಗೆ ಬೇಕಿತ್ತು. ಇಲ್ಲಿ ಪ್ಲಾಸ್ಟಿಕ್‌ಗಿಂತ ಅದನ್ನು ನೊರೆಯಾಗಿ ಉಬ್ಬಿಸುವ ಅನಿಲದ ಮೇಲೆ ಕಣ್ಣಿಡಬೇಕು. ಎಚ್‌ಎಫ್‌ಸಿ-134ಎ ಎಂಬ ಅನಿಲ ಬಳಸಿದ್ದರೆ, ನೂರು ವರ್ಷಗಳ ಅವಧಿಯಲ್ಲಿ ಅದರ ತಾಪಕಾರಕ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು. ಹಲಗೆಯಿಂದ ನಿಧಾನವಾಗಿ ಸೋರುವ ಅನಿಲವೇ ಉಳಿತಾಯದ ದೊಡ್ಡ ಪಾಲನ್ನು ತಿಂದುಹಾಕಬಹುದು. ಮಾಂಟ್ರಿಯಲ್ ಒಪ್ಪಂದಕ್ಕೆ ದೇಶಗಳು 2016ರಲ್ಲಿ ತಂದ ಕಿಗಾಲಿ ತಿದ್ದುಪಡಿಯ ನಂತರ ಈ ಬಗೆಯ ಅನಿಲಗಳು ಹಂತಹಂತವಾಗಿ ಕಡಿಮೆಯಾಗಬೇಕಿದ್ದರೂ, ಉತ್ಪನ್ನದ ಪರಿಸರ ಘೋಷಣಾ ಪತ್ರದಲ್ಲಿ ಅನಿಲದ ಹೆಸರು ಕಾಣುವವರೆಗೆ ನಾನು ಯಾವ ಹಲಗೆಗೂ ಒಪ್ಪಿಗೆ ಕೊಡುವುದಿಲ್ಲ. ಕೊನೆಗೆ ಇಂಗಾಲದ ಡೈಆಕ್ಸೈಡ್‌ನಿಂದಲೇ ಉಬ್ಬಿಸಿದ್ದನ್ನು ಆರಿಸಿದೆ.

ಗೋಡೆಯ ಹಲಗೆಗಳನ್ನು ಅಂಟಿನಿಂದ ಮೆತ್ತಿಸದೆ ಮೊಳೆಗಳಿಂದ ಕೂರಿಸಿ, ಮೇಲೆ ಕಳಚಬಹುದಾದ ಹೊದಿಕೆ ಹಾಕಿಸಿದೆ. ಮೇಸ್ತ್ರಿಗೆ ಇದು ಹಿಡಿಸಲಿಲ್ಲ, ಕೆಲಸ ಹೆಚ್ಚೆಂದು ಗೊಣಗಿದರು. ಆದರೆ ಅಂಟು, ಗಾರೆ ಹತ್ತಿದ ಹಲಗೆ ಮುಂದೆ ಮರುಬಳಕೆಗೆ ಸಿಗುವುದಿಲ್ಲ, ಇಟ್ಟಿಗೆಯನ್ನೂ ಕೆಡಿಸುತ್ತದೆ.