ಉಯ್ಘರ್ ಕಲಿಕೆ: ಇಂಗ್ಲಿಷ್ ವ್ಯಾಕರಣ ಬದಿಗಿಟ್ಟು ಕನ್ನಡ ಹಿಡಿದ ಮೇಲೆ

ಉಯ್ಘರ್ ಕಲಿಯುತ್ತಿದ್ದೇನೆ ಅಂದರೆ ಜನ ಮೊದಲು ಕೇಳುವುದು, ಅದು ಚೈನೀಸ್ ತರಹಾನಾ ಅಂತ. ಅಲ್ಲ. ಮಾತಾಡುವವರಲ್ಲಿ ಹೆಚ್ಚಿನವರು ಇರುವುದು ಚೀನಾದ ಶಿಂಜಿಯಾಂಗ್‌ನಲ್ಲಿ, ಒಂದು ಕೋಟಿಗೂ ಜಾಸ್ತಿ ಜನ. ಆದರೆ ಭಾಷೆ ತುರ್ಕಿ ಕುಟುಂಬದ್ದು. ಉಜ್ಬೆಕ್ ಇದಕ್ಕೆ ತೀರಾ ಹತ್ತಿರದ ನೆಂಟ. ಕಜಾಕ್‌ಸ್ತಾನದ ಅಲ್ಮಾಟಿ ಸುತ್ತಮುತ್ತ, ಕಿರ್ಗಿಜ್‌ಸ್ತಾನದಲ್ಲಿ, ಟರ್ಕಿಯ ಇಸ್ತಾಂಬುಲ್‌ನಲ್ಲಿಯೂ ಉಯ್ಘರರಿದ್ದಾರೆ.

ನನಗೆ ಇದರ ಹುಚ್ಚು ಹತ್ತಿದ್ದು ಲಡಾಖಿನ ಕಡೆಯಿಂದ. ಕಾರಕೋರಂ ಕಣಿವೆ ದಾಟಿ ಶಿಂಜಿಯಾಂಗ್‌ನ ಯಾರ್ಕಂದ್ ಊರಿನ ವ್ಯಾಪಾರಿಗಳು ಲೇಹ್‌ಗೆ ಬರುತ್ತಿದ್ದ ಕಾಲದ ಬಗ್ಗೆ ಓದುತ್ತಿದ್ದೆ. ಕಾಂಗ್ರಾದಲ್ಲಿ ಚಹಾ ತೋಟ ಮಾಡಿಕೊಂಡಿದ್ದ ರಾಬರ್ಟ್ ಶಾ ಅನ್ನುವವನು ಲಡಾಖಿನ ಮೂಲಕವೇ ಯಾರ್ಕಂದ್‌ಗೆ ಹೋಗಿ ಬಂದು, 1875ರಲ್ಲಿ ಲಾಹೋರ್‌ನಲ್ಲಿ ಆ ಭಾಷೆಯ ವ್ಯಾಕರಣ ಅಚ್ಚು ಹಾಕಿಸಿದ. ಸ್ವೀಡನ್ನಿನ ಭಾಷಾ ವಿದ್ವಾಂಸ ಗುನ್ನಾರ್ ಯಾರಿಂಗ್ 1929ರಲ್ಲಿ ಶಿಂಜಿಯಾಂಗ್‌ನ ಕಾಶ್ಗರ್‌ನಲ್ಲೇ ಕೂತು ಕಲಿತ. 1935ರಲ್ಲಿ ಶ್ರೀನಗರಕ್ಕೆ ಬಂದು, ಅಲ್ಲಿದ್ದ ಯಾರ್ಕಂದ್, ಖೋತಾನ್ ಕಡೆಯವರ ಬಾಯಿಂದ ಕತೆಗಳನ್ನು ಬರೆದುಕೊಂಡ. ನಮ್ಮ ನೆಲದಲ್ಲೇ ಕೇಳಿಸುತ್ತಿದ್ದ ಭಾಷೆ ಇದು ಅನ್ನಿಸಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಲಿಪಿಯಿಂದ ಶುರು ಮಾಡಿದೆ. ಕಲಬುರಗಿಯಲ್ಲಿ ಬೆಳೆದವನು ನಾನು, ಅಂಗಡಿ ಬೋರ್ಡಿನ ಉರ್ದು ಅಷ್ಟಿಷ್ಟು ಓದಲು ಬರುತ್ತಿತ್ತು. ಉಯ್ಘರ್ ಲಿಪಿಯೂ ಅರಬ್ಬಿ ಮೂಲದ್ದೇ, ಬಲದಿಂದ ಎಡಕ್ಕೆ ಬರೆಯುತ್ತಾರೆ. ಉರ್ದುವಿನಲ್ಲಿ ಎಷ್ಟೋ ಸ್ವರಗಳನ್ನು ಓದುವವನೇ ಊಹಿಸಿಕೊಳ್ಳಬೇಕು. ಇಲ್ಲಿ ಆ ಕಷ್ಟ ಇಲ್ಲ. 32 ಅಕ್ಷರಗಳಲ್ಲಿ 8 ಸ್ವರಗಳು, ಎಂಟನ್ನೂ ಬರೆದೇ ಬರೆಯುತ್ತಾರೆ. ಅರಬ್ಬಿಯಿಂದ ಬಂದ ಪದವನ್ನೂ ತಾವು ಉಚ್ಚರಿಸುವ ಹಾಗೆ ಬರೆದುಕೊಳ್ಳುತ್ತಾರೆ. ಬರೆದ ಹಾಗೆ ಓದಿ ಅಭ್ಯಾಸವಿರುವ ನಮಗೆ ಇದು ಸಲೀಸು. ಪದಗಳೂ ಅಲ್ಲಲ್ಲಿ ಗುರುತಿನವು ಸಿಗುತ್ತವೆ. ಪಾರ್ಸಿ, ಅರಬ್ಬಿಯಿಂದ ನಮ್ಮಲ್ಲಿಗೂ ಬಂದವು ಅವು: ಬಾಝಾರ್, ದುನ್ಯಾ, ಹಾವಾ, ಜಾವಾಬ್. ನಮ್ಮ ಕಾಗದ ಅಲ್ಲಿ ಕೆಗೆಝ್. ಮೆಣಸಿನಕಾಯಿಗೆ ಲಾಝಾ ಅನ್ನುತ್ತಾರೆ, ಅದು ಚೀನೀ ಪದ. ರೈಲಿಗೆ ಪೊಯಿಝ್, ಅದು ರಷ್ಯನ್ನಿನದು. ಯಾರ ಜೊತೆ ವ್ಯವಹಾರ ಇತ್ತೋ ಅವರಿಂದೆಲ್ಲ ತೆಗೆದುಕೊಂಡಿದ್ದಾರೆ.

ವ್ಯಾಕರಣಕ್ಕೆ ಬಂದಾಗ ತಲೆ ಕೆಟ್ಟಿತು. ಇಂಗ್ಲಿಷ್ ಪುಸ್ತಕಗಳು ಒಂದೊಂದು ಪ್ರತ್ಯಯಕ್ಕೂ ಒಂದು ಉದ್ದದ ಹೆಸರು ಕೊಟ್ಟು, ಅರ್ಧ ಪುಟ ವಿವರಣೆ ಬರೆದಿರುತ್ತವೆ. ಒಂದು ದಿನ ಬೇಜಾರಾಗಿ, ಪಾಠದ ವಾಕ್ಯಗಳ ಕೆಳಗೆ ನೇರ ಕನ್ನಡ ಬರೆಯುತ್ತಾ ಹೋದೆ. ಪದಕ್ಕೆ ಪದ, ಅದೇ ಸಾಲಿನಲ್ಲಿ ಕೂತಿತು. ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ‘ಮೆನ್ ಓಕುಗಾನ್ ಕಿತಾಬ್’ ಅಂದರೆ ‘ನಾನು ಓದಿದ ಪುಸ್ತಕ’. ‘ಬಾರ್’ ಅಂದರೆ ಇದೆ, ‘ಯೋಕ್’ ಅಂದರೆ ಇಲ್ಲ. ನಮ್ಮ ‘ಇಲ್ಲ’ದ ಹಾಗೇ, ಒಂದು ವಸ್ತು ಇಲ್ಲ ಅನ್ನಲೂ ಪ್ರಶ್ನೆಗೆ ಇಲ್ಲ ಅಂತ ಉತ್ತರ ಕೊಡಲೂ ‘ಯೋಕ್’ ಒಂದೇ ಪದ. ‘ಮೆಕ್ತೆಪ್‌ಕೆ’ ಅಂದರೆ ಶಾಲೆಗೆ.

ಆ ‘ಕೆ’, ‘ಗೆ’ ನೋಡಿ ರೋಮಾಂಚನ ಆಗುವುದು ಸಹಜ. ಹಿಂದೆ ದ್ರಾವಿಡ ಭಾಷೆಗಳ ತುಲನಾತ್ಮಕ ವ್ಯಾಕರಣ ಬರೆದ ಕಾಲ್ಡ್‌ವೆಲ್ ಸಹ ದ್ರಾವಿಡ ಭಾಷೆಗಳಿಗೂ ತುರ್ಕಿ ಇತ್ಯಾದಿ ಭಾಷೆಗಳಿಗೂ ನಂಟು ಹುಡುಕಿದ್ದರು. ನನಗೆ ಆ ನಂಟಿನಲ್ಲಿ ನಂಬಿಕೆ ಇಲ್ಲ. ಒಂದೇ ತರಹ ಪ್ರತ್ಯಯ ಜೋಡಿಸುವ ಭಾಷೆಗಳಲ್ಲಿ ಇಂಥ ಹೋಲಿಕೆ ಅಲ್ಲಲ್ಲಿ ಬಂದೇ ಬರುತ್ತದೆ. ಸಂಬಂಧ ಇರಲಿ ಬಿಡಲಿ, ಕಲಿಯುವವನಿಗೆ ಲಾಭ ಅಂತೂ ಇದೆ.

ಆ ಲಾಭ ಜಾಸ್ತಿ ಸಿಕ್ಕಿದ್ದು ಕ್ರಿಯಾಪದಗಳ ಜೋಡಿಯಲ್ಲಿ. ‘ಯಾಝ್’ ಅಂದರೆ ಬರೆ. ‘ಬೆರ್’ ಅಂದರೆ ಕೊಡು. ಎರಡೂ ಸೇರಿ ‘ಯೇಝಿಪ್ ಬೇರಿಂಗ್’, ಬರೆದುಕೊಡಿ. ‘ಬಾಕ್’ ಅಂದರೆ ನೋಡು, ‘ಯೇಝಿಪ್ ಬೇಕಿಂಗ್’ ಅಂದರೆ ಬರೆದು ನೋಡಿ. ‘ಆಲ್’ ಅಂದರೆ ತೆಗೆದುಕೊಳ್ಳು, ಅದು ಅಂಟಿಕೊಂಡು ‘ಯೇಝಿವೇಲಿಂಗ್’ ಆಗುತ್ತದೆ, ಬರೆದುಕೊಳ್ಳಿ. ‘ಎವೆತ್’ ಅಂದರೆ ಕಳಿಸು, ಅದು ಸೇರಿದರೆ ‘ಯೇಝಿವೇತಿಂಗ್’, ಬರೆದುಬಿಡಿ. ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ ಪಾಠದ ಮೇಲೆ ಪಾಠ ಬೇಕು. ನಾನು ಇವನ್ನು ಒಂದು ಸಂಜೆಯಲ್ಲಿ ಕಲಿತೆ ಅಂದರೆ ಅದು ನನ್ನ ಜಾಣತನ ಅಲ್ಲ, ಅಮ್ಮ ಕಲಿಸಿದ ಭಾಷೆಯ ಪುಣ್ಯ. ಆಡುಮಾತಿನಲ್ಲಿ ಇವು ಸವೆಯುವುದೂ ನಮ್ಮ ತರಹವೇ. ‘ಏಲಿಪ್ ಕೆಲ್’ ಅಂದರೆ ತಗೊಂಡು ಬಾ. ಅದು ಬಾಯಲ್ಲಿ ‘ಎಕೆಲ್’ ಆಗುತ್ತದೆ, ನಮ್ಮ ಕಡೆ ‘ತಗಂಬಾ’ ಆದ ಹಾಗೆ.

ಆದರೆ ಡಿಕ್ಷನರಿ ನೋಡುವುದು ಸುಲಭ ಅಲ್ಲ. ಮೇಲಿನ ಪದಗಳನ್ನೇ ಇನ್ನೊಮ್ಮೆ ನೋಡಿ. ಯಾಝ್ ಇದ್ದದ್ದು ಯೇಝಿ ಆಯಿತು, ಬಾಕ್ ಇದ್ದದ್ದು ಬೇಕಿಂಗ್. ಮುಂದಿನ ‘ಇ’ಕಾರ ಹಿಂದಿನ ಸ್ವರವನ್ನು ಎಳೆದು ಬದಲಿಸುತ್ತದೆ. ‘ಬು ಕಿತಾಬ್ನಿ ಮಾಂಗಾ ಏಲಿಪ್ ಕೇಲಿಪ್ ಬೇರಿಂಗ್’ ಅನ್ನುವ ವಾಕ್ಯ ತೆಗೆದುಕೊಳ್ಳಿ. ‘ಈ ಪುಸ್ತಕಾನ ನನಗೆ ತಗೊಂಡು ಬಂದು ಕೊಡಿ’ ಅಂತ ಅರ್ಥ. ಕೊನೆಯ ಮೂರು ಪದಗಳಲ್ಲಿ ಒಂದೂ ಆ ರೂಪದಲ್ಲಿ ಡಿಕ್ಷನರಿಯಲ್ಲಿ ಸಿಗುವುದಿಲ್ಲ. ಆಲ್, ಕೆಲ್, ಬೆರ್ ಅಂತ ಹುಡುಕಬೇಕು. ನಾನು ಒಂದು ನೋಟ್‌ಬುಕ್‌ನಲ್ಲಿ ಎಡಗಡೆ ಕಣ್ಣಿಗೆ ಬಿದ್ದ ರೂಪ, ಬಲಗಡೆ ಮೂಲ ರೂಪ ಬರೆಯುತ್ತಾ ಹೋದೆ. ‘ಏ’ ಕಂಡರೆ ಅದರ ಹಿಂದೆ ‘ಆ’ ಇಲ್ಲವೇ ‘ಎ’ ಇರಬಹುದು ಅಂತ ಕೈ ತಾನಾಗಿ ಹುಡುಕಲು ಕಲಿಯುವವರೆಗೆ ಅದನ್ನು ಬಿಡಲಿಲ್ಲ. ಈ ಭಾಷೆ ಹಿಡಿಯುವವರಿಗೆ ನನ್ನ ಮೊದಲ ಸಲಹೆ ಈ ನೋಟ್‌ಬುಕ್ಕೇ.

ಮಾತು ಕಲಿತದ್ದು ಇಸ್ತಾಂಬುಲ್‌ನಲ್ಲಿರುವ ಒಬ್ಬ ಶಿಕ್ಷಕಿಯಿಂದ, ವಿಡಿಯೋ ಕರೆಯಲ್ಲಿ. ನಾನು ಅವರನ್ನು ‘ಮುಅಲ್ಲಿಮ್’ ಅನ್ನುತ್ತೇನೆ, ಮೇಷ್ಟ್ರು ಅಂದ ಹಾಗೆ. ‘ನೀನು’ ಅನ್ನಲು ‘ಸೆನ್’, ‘ನೀವು’ ಅನ್ನಲು ‘ಸಿಝ್’, ಇನ್ನೂ ಗೌರವಕ್ಕೆ ‘ಸಿಲಿ’. ನಮ್ಮ ‘ತಾವು’ ಇದ್ದ ಹಾಗೆ ಅಲ್ವಾ? ಮನೆಯವರ ವಿಷಯ ಬಂದಾಗ ಮಾತ್ರ ಕನ್ನಡದವರಿಗೆ ನಗು ಬರುತ್ತದೆ. ‘ಆಕಾ’ ಅಂದರೆ ಅಣ್ಣ. ‘ಆನಾ’ ಅಂದರೆ ತಾಯಿ. ‘ಆಪಾ’ ಅಂದರೂ ಅಮ್ಮನೇ!

ಕನ್ನಡ ಕೈಕೊಡುವ ಜಾಗವೂ ಇದೆ. ಜನಪದ ಕತೆಗಳಲ್ಲಿ ‘ಒಬ್ಬ ರಾಜ ಇದ್ದನಂತೆ’ ಅನ್ನುವ ಕಡೆ ‘ಇಕೆನ್’ ಬರುತ್ತದೆ. ‘ಕೇಲಿದಿಕೆನ್’ ಅಂದರೆ ಬರುತ್ತಾನಂತೆ. ಸರಿ, ಇಕೆನ್ ಅಂದರೆ ಅಂತೆ ಅಂತ ಬರೆದುಕೊಂಡಿದ್ದೆ. ಒಮ್ಮೆ ಮುಅಲ್ಲಿಮ್ ಕ್ಯಾಮೆರಾ ಮುಂದೆಯೇ ತಟ್ಟೆಯಲ್ಲಿ ಪೋಲೋ ಹಾಕಿಕೊಂಡು ಒಂದು ತುತ್ತು ತಿಂದರು. ಪೋಲೋ ಅಂದರೆ ಕ್ಯಾರೆಟ್, ಕುರಿ ಮಾಂಸ ಹಾಕಿದ ಅನ್ನ, ನಮ್ಮ ಪಲಾವಿನ ಬಳಗದ್ದು. ತಿಂದವರೇ ‘ಬೆಕ್ ತೆಮ್ಲಿಕ್ ಇಕೆನ್’ ಅಂದರು. ‘ತುಂಬಾ ರುಚಿಯಾಗಿದೆಯಂತೆ’ ಅಂದರೆ ಅರ್ಥ ಕೆಟ್ಟಿತು, ತಿಂದದ್ದು ಅವರೇ ತಾನೆ. ಅಲ್ಲಿ ಅದರ ಅರ್ಥ ‘ಅರೆ, ರುಚಿಯಾಗಿದೆಯಲ್ಲ!’ ಅಂತ. ಬೇರೆಯವರಿಂದ ಗೊತ್ತಾದದ್ದಕ್ಕೂ, ಈಗಷ್ಟೇ ತನಗೇ ಗೊತ್ತಾದದ್ದಕ್ಕೂ ಇಕೆನ್ ಒಂದೇ.

ಅವನು, ಅವಳು, ಅದು ಮೂರಕ್ಕೂ ‘ಉ’ ಒಂದೇ ಇರುವುದು ಇನ್ನೊಂದು ತಲೆನೋವು. ಕತೆಯನ್ನು ಕನ್ನಡಕ್ಕೆ ತರುವಾಗ ಪುಟದ ಕೊನೆಯವರೆಗೂ ಓದಿ, ಆಮೇಲೆ ಹಿಂದೆ ಬಂದು ಗಂಡೋ ಹೆಣ್ಣೋ ತೀರ್ಮಾನಿಸಬೇಕಾಗುತ್ತದೆ.

ಕೇಳಿ ಅರ್ಥ ಮಾಡಿಕೊಳ್ಳಲು ಓದುವುದಕ್ಕಿಂತ ಬಹಳ ಹೆಚ್ಚು ಸಮಯ ಹಿಡಿಯಿತು. ಪದದ ಕೊನೆಯ ‘ರ್’ ಮಾತಿನಲ್ಲಿ ಹೆಚ್ಚಾಗಿ ಬಿದ್ದುಹೋಗುತ್ತದೆ. ‘ಬಾರ್’ಗೆ ಹೋಗು ಅನ್ನುವ ಅರ್ಥವೂ ಇದೆ. ಅದು ಕಿವಿಗೆ ಬೀಳುವುದು ‘ಬಾ’ ಅಂತ. ಹೋಗು ಅಂದರೆ ನನಗೆ ಬಾ ಅಂದ ಹಾಗೆ ಕೇಳಿಸುತ್ತದೆ!

ಓದಲು ಸಾಮಗ್ರಿ ಹುಡುಕುವುದು ಇನ್ನೊಂದು ಪಾಡು. ಶಿಂಜಿಯಾಂಗ್‌ನಲ್ಲಿ ಶಾಲೆಗಳು ಚೀನೀ ಭಾಷೆಗೆ ತಿರುಗಿವೆ. 2017ರಲ್ಲಿ ಖೋತಾನ್ ಪ್ರಾಂತದ ಶಿಕ್ಷಣ ಇಲಾಖೆ ಶಾಲೆಗಳಲ್ಲಿ ಉಯ್ಘರ್ ಬಳಸಬಾರದು ಅಂತಲೇ ಆದೇಶ ಹೊರಡಿಸಿತು. ಜನಪದ ವಿದ್ವಾಂಸೆ ರಾಹಿಲೆ ದಾವುತ್ ಅದೇ ವರ್ಷ ಕಾಣೆಯಾದರು. ಅವರಿಗೆ ಜೀವಾವಧಿ ಶಿಕ್ಷೆಯಾಗಿದೆ ಅನ್ನುವುದು ಹೊರಗೆ ಬಂದದ್ದು 2023ರಲ್ಲಿ. ಹಳೆಯ ವೆಬ್‌ಸೈಟ್‌ಗಳ ಲಿಂಕ್ ಒತ್ತಿದರೆ ಎಷ್ಟೋ ತೆರೆಯುವುದೇ ಇಲ್ಲ. ಹಾಗಾಗಿ ಏನು ಸಿಕ್ಕಿದರೂ ಅವತ್ತೇ ಇಳಿಸಿಕೊಂಡು ಇಟ್ಟುಕೊಳ್ಳುತ್ತೇನೆ. ಮುಅಲ್ಲಿಮ್ ಜೊತೆ ಅಡುಗೆ, ಹವಾಮಾನ, ನಸ್ರುದ್ದೀನನ ತಮಾಷೆ ಎಲ್ಲ ಮಾತಾಡುತ್ತೇವೆ. ಅಲ್ಲಿ ಅವನನ್ನು ಎಪೆಂದಿ ಅನ್ನುತ್ತಾರೆ. ಊರಲ್ಲಿರುವವರ ಬಗ್ಗೆ ನಾನಾಗಿ ಕೇಳುವುದಿಲ್ಲ.

ಲಿಪಿಯ ಕತೆಯೂ ಒಂದೇ ಅಲ್ಲ. ಚೀನಾದಲ್ಲಿ 1960ರ ದಶಕದಲ್ಲಿ ಲ್ಯಾಟಿನ್ ಲಿಪಿ ತಂದರು, 1980ರ ದಶಕದ ಆರಂಭದಲ್ಲಿ ಮತ್ತೆ ಅರಬ್ಬಿಗೆ ಬಂದರು. ಸೋವಿಯತ್ ಕಡೆ ಉಳಿದವರು ಸಿರಿಲಿಕ್‌ನಲ್ಲಿ, ಅಂದರೆ ರಷ್ಯನ್ ಬರೆಯುವ ಲಿಪಿಯಲ್ಲಿ, ಬರೆಯುತ್ತಾರೆ. ಅಲ್ಮಾಟಿಯ ‘ಉಯ್ಘುರ್ ಆವಾಝಿ’ ಪತ್ರಿಕೆ ಈಗಲೂ ಸಿರಿಲಿಕ್‌ನಲ್ಲೇ ಬರುತ್ತದೆ. ಭಾಷೆ ಗೊತ್ತಿದ್ದೂ ಆ ಪುಟದ ಮುಂದೆ ನಾನು ಅನಕ್ಷರಸ್ಥ. ಈಗ ದಿನಕ್ಕೊಂದು ತಲೆಬರಹ ಅರಬ್ಬಿ ಲಿಪಿಗೆ ಇಳಿಸಿಕೊಳ್ಳುತ್ತಾ ಅದನ್ನೂ ಕಲಿಯುತ್ತಿದ್ದೇನೆ. ಹೆಸರುಗಳು ಬಂದಾಗ ಬೇಗ ಆಗುತ್ತದೆ, ಆದರೆ ಅಲ್ಮಾಟಿ ಕ್ರಿಕೆಟ್ ಬಿಟ್ಟು ಫುಟ್‌ಬಾಲ್ ನೋಡುವ ಊರಾದ್ದರಿಂದ ಆಟದ ಪುಟದಲ್ಲಿ ಒದ್ದಾಟ ಜಾಸ್ತಿ.