‘ಬಗಳರ’ ಅನ್ನೋ ಹೆಸರಿನ ಫೈಲ್

ಒಂದು ಪುಸ್ತಕದ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಎಲ್ಲಾ ಕನ್ನಡ ಪುಸ್ತಕಗಳೇ. ಯುಆರ್‌ಎಲ್ ಅಂದರೆ ಪುಟದ ವಿಳಾಸ ಕೂಡ ಕನ್ನಡದಲ್ಲೇ ಇರಲಿ ಅಂತ ಅಂಗಡಿಯವರ ಆಸೆ, ನನಗೂ ಅದೇ ಆಸೆ. ಪುಸ್ತಕದ ಹೆಸರು ತೆಗೆದುಕೊಂಡು, ಅದರಲ್ಲಿರುವ ಚುಕ್ಕಿ, ಅಲ್ಪವಿರಾಮ ಎಲ್ಲಾ ಕಿತ್ತುಹಾಕಿ, ನಡುವೆ ಅಡ್ಡಗೆರೆ ಇಡುವ ನಾಲ್ಕು ಸಾಲಿನ ಫಂಕ್ಷನ್ ಅದು. ಇಂಗ್ಲಿಷ್ ಸೈಟ್‌ಗಳಿಗೆ ಹತ್ತಾರು ಸಲ ಬಳಸಿದ್ದನ್ನೇ ಹಾಕಿದೆ. ಯುಆರ್‌ಎಲ್ ಪೂರ್ತಿ ಖಾಲಿ ಬಂತು.

ಕಾರಣ ಸರಳ. ರೆಜೆಕ್ಸ್ ಅಂದರೆ ಪಠ್ಯದಲ್ಲಿ ಏನನ್ನು ಹುಡುಕಬೇಕು ಅಂತ ಹೇಳುವ ಸಂಕೇತಗಳ ಬರವಣಿಗೆ. ರೆಜೆಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಅಂದರೆ ಜಾವಾಸ್ಕ್ರಿಪ್ಟ್‌ಗೆ ಇಂಗ್ಲಿಷಿನ ಎ ಇಂದ ಝಡ್, ಅಂಕಿಗಳು, ಅಂಡರ್‌ಸ್ಕೋರ್, ಅಷ್ಟೇ. ಕನ್ನಡ ಅದರ ಲೆಕ್ಕದಲ್ಲಿ ಅಕ್ಷರವೇ ಅಲ್ಲ. ಹಾಗಾಗಿ ಬ್ಯಾಕ್‌ಸ್ಲ್ಯಾಶ್ ಪಿ ಹಾಕಿ, ಪುಷ್ಪಾವರಣದೊಳಗೆ ದೊಡ್ಡ ಎಲ್ ಬರೆದು, ಕೊನೆಯಲ್ಲಿ ಯು ಫ್ಲ್ಯಾಗ್ ಕೊಟ್ಟೆ. ಯಾವ ಭಾಷೆಯದಾದರೂ ‘ಅಕ್ಷರ’ ಅಂತ ಅರ್ಥ, 2018ರಿಂದ ಜಾವಾಸ್ಕ್ರಿಪ್ಟ್‌ನಲ್ಲೇ ಇರುವ ಸೌಲಭ್ಯ. ಈ ಸಲ ಏನೋ ಬಂತು. ‘ಬೆಂಗಳೂರು’ ಅಂತ ಬರಬೇಕಾದ ಕಡೆ ‘ಬಗಳರ’ ಅಂತ ಬಂತು.

ಎಲ್ಲಾ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿಯಾದ ಯುನಿಕೋಡ್‌ನಲ್ಲಿ ‘ಬೆ’ ಅನ್ನೋದು ಒಂದೇ ಸಂಕೇತ ಅಲ್ಲ, ‘ಬ’ ಒಂದು, ಅದರ ಪಕ್ಕದ ಎತ್ವ ಇನ್ನೊಂದು. ‘ಬ’ ಅಕ್ಷರದ ಗುಂಪಿಗೆ ಸೇರುತ್ತದೆ, ಎತ್ವ, ಸೊನ್ನೆ, ಕೊಂಬು ಎಲ್ಲಾ ಮಾರ್ಕ್ ಅನ್ನೋ ಬೇರೆ ಗುಂಪಿಗೆ. ನಾನು ಅಕ್ಷರ ಮಾತ್ರ ಉಳಿಸು ಅಂದಿದ್ದೆ, ಅದು ಹೇಳಿದಷ್ಟನ್ನೇ ಮಾಡಿ ಗುಣಿತ ಪೂರ್ತಿ ಒರೆಸಿತ್ತು. ದೊಡ್ಡ ಎಲ್ ಜೊತೆ ದೊಡ್ಡ ಎಮ್ ಕೂಡ ಸೇರಿಸಿದೆ, ಸರಿಹೋಯಿತು.

ಎಂಟು ತಿಂಗಳಾದ ಮೇಲೆ ಅದೇ ಸೈಟ್‌ನಲ್ಲಿ ಮತ್ತೆ ‘ಬಗಳರ’ ಬಂತು. ಜೊತೆಗೆ ಕೆಲಸ ಮಾಡುವ ಹುಡುಗ ಕೋಡ್ ಚೊಕ್ಕ ಮಾಡುವಾಗ ಆ ಎಮ್ ತೆಗೆದಿದ್ದ. ಅವನದೇನೂ ತಪ್ಪಿಲ್ಲ. ಅದು ಯಾಕೆ ಅಲ್ಲಿದೆ ಅಂತ ಎಲ್ಲೂ ಬರೆದಿರಲಿಲ್ಲ, ಅವನು ಟೆಸ್ಟ್ ಮಾಡಿದ್ದು ಇಂಗ್ಲಿಷ್ ಹೆಸರಿನ ಒಂದು ಪುಸ್ತಕದಲ್ಲಿ. ನನಗೂ ಕಾರಣ ಮರೆತುಹೋಗಿತ್ತು, ಅರ್ಧ ದಿನ ಕೂತು ಮತ್ತೆ ಮೊದಲಿನಿಂದ ಹುಡುಕಿದೆ.

ಅವತ್ತು ಸಂಜೆ ಒಂದು ಫೈಲ್ ಮಾಡಿದೆ. ಅದಕ್ಕೆ ‘ಬಗಳರ’ ಅಂತಲೇ ಹೆಸರಿಟ್ಟೆ. ಮೊದಲ ಸಾಲಿನಲ್ಲಿ ಕೊಟ್ಟ ಪದ, ಎರಡನೆಯದರಲ್ಲಿ ಬಂದ ಪದ, ಅದರ ಕೆಳಗೆ ಕೋಡ್, ಕೋಡ್ ಕೆಳಗೆ ಯಾಕೆ ಹೀಗೆ ಅಂತ ಮೂರು ವಾಕ್ಯ, ಕೊನೆಗೆ ಯಾವ ಬ್ರೌಸರ್‌ನಲ್ಲಿ ಯಾವ ತಾರೀಕು ನೋಡಿದ್ದು ಅಂತ. ಅದಕ್ಕೂ ಮೊದಲು ನಾವು ಕೋಡ್ ತುಣುಕುಗಳನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿಕೊಳ್ಳುತ್ತಿದ್ದೆವು, ಜಾಸ್ತಿ ಸ್ಕ್ರೀನ್‌ಶಾಟ್‌ಗಳೇ. ಚಿತ್ರದಿಂದ ಕಾಪಿ ಮಾಡೋಕಾಗಲ್ಲ, ಹುಡುಕೋಕೂ ಆಗಲ್ಲ. ಫೋನಿನಲ್ಲಿ ಟೈಪ್ ಮಾಡಿ ಕಳಿಸಿದರೆ ನೇರ ಕೋಟ್ ಮಾರ್ಕ್‌ಗಳನ್ನು ಕೀಬೋರ್ಡ್ ಬಾಗಿದ ಕೋಟ್ ಮಾಡಿಬಿಡುತ್ತಿತ್ತು, ಅಂಟಿಸಿದ ತಕ್ಷಣ ಸಿಂಟ್ಯಾಕ್ಸ್ ಎರರ್. ಈಗ ಎಲ್ಲಾ ಟಿಪ್ಪಣಿ ಬದಲಾವಣೆಗಳ ದಾಖಲೆ ಇಡುವ ಒಂದೇ ಗಿಟ್ ಫೋಲ್ಡರ್‌ನಲ್ಲಿ, ಸುಮ್ನೆ ಮಾರ್ಕ್‌ಡೌನ್ ಅನ್ನೋ ಸರಳ ಪಠ್ಯದ ಫೈಲ್‌ಗಳು. ಹೊರಗಿನವರಿಗೆ ಕೊಡಬೇಕಾದಾಗ ಒಂದೊಂದನ್ನೇ ಕೋಡ್ ತುಣುಕು ಹಂಚಿಕೊಳ್ಳುವ ಗಿಸ್ಟ್ ತಾಣಕ್ಕೆ ಹಾಕಿ ಲಿಂಕ್ ಕಳಿಸುತ್ತೇನೆ.

ಫೈಲಿನ ಹೆಸರು ಕೆಟ್ಟ ಪದದ್ದೇ ಆಗಿರಬೇಕು ಅನ್ನೋದನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ‘ಯುನಿಕೋಡ್ ರೆಜೆಕ್ಸ್’ ಅಂತ ಹೆಸರಿಟ್ಟರೆ ಕಾರಣ ಮೊದಲೇ ಗೊತ್ತಿದ್ದವನಿಗೆ ಮಾತ್ರ ಅದು ಸಿಗುತ್ತದೆ. ತೊಂದರೆಯಲ್ಲಿ ಇರುವವನ ಕಣ್ಣಿಗೆ ಕಾಣೋದು ಪರದೆಯ ಮೇಲಿನ ‘ಬಗಳರ’, ಅವನು ಹುಡುಕೋದೂ ಅದನ್ನೇ.

ಎರಡನೇ ಫೈಲ್ ‘ರಾಜ್ಕುಮಾರ್’. ಅಂಗಡಿಯವರು ಫೋನ್ ಮಾಡಿ, ರಾಜ್‌ಕುಮಾರ್ ಅಂತ ಹುಡುಕಿದರೆ ಒಂದೂ ಪುಸ್ತಕ ಬರ್ತಿಲ್ಲ, ಕಪಾಟಿನಲ್ಲಿ ಆರು ಇವೆ ಅಂದರು. ‘ಜ್’ ಆದ ಮೇಲೆ ‘ಕು’ ಒತ್ತಕ್ಷರವಾಗಿ ಕೆಳಗೆ ಹೋಗದಂತೆ ತಡೆಯೋಕೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು, ಜೀರೋ ವಿಡ್ತ್ ನಾನ್ ಜಾಯ್ನರ್, ಯುನಿಕೋಡ್‌ನಲ್ಲಿ ಹೆಕ್ಸ್ 200ಸಿ. ಡೇಟಾಬೇಸ್‌ನಲ್ಲಿ ಅದು ಇತ್ತು. ಹುಡುಕುವವರು ಫೋನಿನಲ್ಲಿ ಬರೆಯುವಾಗ ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಹಾಕಲ್ಲ, ಇನ್ನು ಕೆಲವರ ಕೀಬೋರ್ಡ್‌ನಲ್ಲಿ ಆ ಕೀಲಿ ಎಲ್ಲಿದೆ ಅಂತಲೇ ಗೊತ್ತಿರಲ್ಲ. ಕಂಪ್ಯೂಟರಿಗೆ ಎರಡೂ ಬೇರೆ ಪದ. ‘ರ‍್ಯಾಂಕ್’ ಬರೆಯುವಾಗ ಬರುವ ಜಾಯ್ನರ್, 200ಡಿ, ಅದೂ ಇದೇ ಥರ.

ಮೊದಲು ನಾನು ಮಾಡಿದ್ದು ಸೇವ್ ಮಾಡುವಾಗಲೇ ಎರಡನ್ನೂ ಕಿತ್ತುಹಾಕುವುದು. ಹುಡುಕಾಟ ಸರಿಹೋಯಿತು, ಆದರೆ ಪುಟದ ಮೇಲೆ ದೊಡ್ಡದಾಗಿ ‘ರಾಜ್ಕುಮಾರ್’ ಅಂತ ಬಂತು. ಅಣ್ಣಾವ್ರ ಹೆಸರನ್ನು ಹಾಗೆ ನೋಡೋಕಾಗುತ್ತಾ! ಅದೇ ದಿನ ಬದಲಾಯಿಸಿದೆ. ಈಗ ಪ್ರತಿ ಹೆಸರಿಗೂ ಎರಡು ಕಾಲಂ. ಒಂದು ತೋರಿಸೋಕೆ, ಬರೆದವರು ಬರೆದ ಹಾಗೆಯೇ ಇರುತ್ತದೆ. ಇನ್ನೊಂದು ಹುಡುಕೋಕೆ. ಅದರಲ್ಲಿ ಎರಡೂ ಜಾಯ್ನರ್ ಇರಲ್ಲ, ಎನ್‌ಎಫ್‌ಸಿ ನಾರ್ಮಲೈಸ್ (ತುಂಡು ಸಂಕೇತಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವುದು) ಆಗಿರುತ್ತದೆ. ಹುಡುಕುವವರು ಬರೆದ ಪದವೂ ಇದೇ ಫಂಕ್ಷನ್ ದಾಟಿಯೇ ಒಳಗೆ ಬರಬೇಕು, ಒಂದು ಕಡೆ ಮಾತ್ರ ಹಾಕಿದರೆ ಪ್ರಯೋಜನ ಇಲ್ಲ. ಎನ್‌ಎಫ್‌ಸಿ ಯಾಕೆ ಅಂದರೆ ‘ಕೋಲಾರ’ ನೋಡಿ. ಆ ‘ಓ’ತ್ವ ಒಂದೇ ಸಂಕೇತವಾಗಿಯೂ ಬರಬಹುದು, ಎತ್ವ, ಊತ್ವ, ದೀರ್ಘ ಅಂತ ಮೂರು ತುಂಡಾಗಿಯೂ ಬರಬಹುದು. ಕಣ್ಣಿಗೆ ಒಂದೇ ಥರ ಕಂಡರೂ ಲೆಂಗ್ತ್ ಕೇಳಿದರೆ ಒಂದಕ್ಕೆ 5, ಇನ್ನೊಂದಕ್ಕೆ 7. ನಾರ್ಮಲೈಸ್ ಮಾಡಿದ ಮೇಲೆ ಎರಡೂ 5. ಮತ್ತೆ ಯುಆರ್‌ಎಲ್ ಮಾಡುವ ಫಂಕ್ಷನ್‌ನಲ್ಲಿ ಈ ಎರಡು ಜಾಯ್ನರ್‌ಗಳನ್ನು ಬೇರೆಯಾಗಿ ಸೇರಿಸಬೇಕು, ಅವು ಎಲ್‌ನಲ್ಲೂ ಬರಲ್ಲ, ಎಮ್‌ನಲ್ಲೂ ಬರಲ್ಲ.

ನನಗೆ ತುಂಬಾ ಪ್ರೀತಿಯ ಟಿಪ್ಪಣಿ ಅಂದರೆ ‘ಶ್’ ಅನ್ನೋ ಫೈಲ್. ಓದುಗರ ಹೆಸರಿನ ಮೊದಲ ಅಕ್ಷರವನ್ನು ಬಣ್ಣದ ವೃತ್ತದೊಳಗೆ ತೋರಿಸಬೇಕಿತ್ತು. ಶ್ರೀನಿವಾಸ ಅಂತ ಇದ್ದರೆ ಬರಬೇಕಾದದ್ದು ‘ಶ್ರೀ’. ಸ್ಟ್ರಿಂಗ್‌ನ ಸೊನ್ನೆಯ (ಅಂದರೆ ಮೊದಲ) ಸ್ಥಾನ ಕೇಳಿದರೆ ‘ಶ’ ಬರುತ್ತದೆ. ಇದಕ್ಕೆಂದೇ ಇಂಟ್ಲ್ ಸೆಗ್ಮೆಂಟರ್ ಅನ್ನೋ, ಪದವನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ತುಂಡು ಮಾಡುವ ಬ್ರೌಸರ್ ಸೌಲಭ್ಯ ಇದೆ. ಕ್ರೋಮ್‌ನಲ್ಲಿ 2020ರಲ್ಲಿ ಬಂತು, ಫೈರ್‌ಫಾಕ್ಸ್‌ಗೆ ಬಂದಿದ್ದು 2024ರಲ್ಲಿ. ಅದನ್ನು ಹಾಕಿದೆ, ‘ಶ್’ ಬಂತು, ‘ರೀ’ ಬೇರೆ ತುಂಡು. ಯಾಕೆ ಅಂತ ಹುಡುಕುತ್ತಾ ಹೋದರೆ, ಯುನಿಕೋಡ್ 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರ ಒಡೆಯಬಾರದು ಅಂತ ನಿಯಮ ಸೇರಿಸಿದೆ, ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅಂದರೆ ಪಕ್ಕದ ತೆಲುಗಿನಲ್ಲಿ ಟೆಸ್ಟ್ ಮಾಡಿ ಸರಿ ಇದೆ ಅಂತ ಬಿಟ್ಟರೂ ಕನ್ನಡದಲ್ಲಿ ಕೆಡುತ್ತದೆ.

ಪರಿಹಾರ ಐದಾರು ಸಾಲು. ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಹಿಂದಿನ ತುಂಡು ಅರ್ಧಾಕ್ಷರದ ಚಿಹ್ನೆಯಲ್ಲಿ, ಅಂದರೆ ಹೆಕ್ಸ್ 0ಸಿಸಿಡಿಯಲ್ಲಿ ಮುಗಿದಿದ್ದು, ಮುಂದಿನದು ಕನ್ನಡ ವ್ಯಂಜನದಿಂದ ಶುರುವಾದರೆ ಎರಡನ್ನೂ ಅಂಟಿಸಿ, ಇಲ್ಲದಿದ್ದರೆ ಬಿಡಿ. ‘ಬಸ್ ಬಂತು’ ಅಂತ ಇದ್ದರೆ ‘ಸ್’ ಆದ ಮೇಲೆ ಸ್ಪೇಸ್ ಇದೆ, ಅಂಟಲ್ಲ. ರಾಜ್‌ಕುಮಾರ್‌ನಲ್ಲಿ ‘ಜ್’ ತುಂಡು ನಾನ್ ಜಾಯ್ನರ್‌ನಲ್ಲಿ ಮುಗಿಯುತ್ತದೆ, ಅರ್ಧಾಕ್ಷರದಲ್ಲಲ್ಲ, ಹಾಗಾಗಿ ‘ಕು’ ತಾನಾಗಿಯೇ ಬೇರೆ ಉಳಿಯುತ್ತದೆ. ಇದು ತಾನಾಗಿ ಕೂಡಿಬಂದದ್ದು ನೋಡಿ ಅವತ್ತು ತುಂಬಾ ಖುಷಿಯಾಯಿತು.

ಉಳಿದವು ಚಿಕ್ಕ ಚಿಕ್ಕವು. ‘ರಾಷ್ಟ್ರ’ದಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುತ್ತದೆ, ಲೈನ್ ಹೈಟ್ (ಸಾಲಿನ ಎತ್ತರ) 1.2 ಇಟ್ಟು ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡು) ಮಾಡಿದ ಬಟನ್‌ನಲ್ಲಿ ಅದರ ಕಾಲು ಕತ್ತರಿಸಿಹೋಗುತ್ತದೆ. ನಾನು ಕನ್ನಡಕ್ಕೆ 1.6ಕ್ಕಿಂತ ಕಡಿಮೆ ಇಡಲ್ಲ. ವೆಬ್ ಫಾಂಟ್‌ಗೆ ಯುನಿಕೋಡ್ ರೇಂಜ್ (ಯಾವ ಸಂಕೇತಗಳಿಗೆ ಆ ಫಾಂಟ್ ಅನ್ನೋ ಪಟ್ಟಿ) ಕೊಡುವಾಗ ಬರೀ ಕನ್ನಡದ ಬ್ಲಾಕ್ ಕೊಟ್ಟು ನಿಲ್ಲಿಸಬೇಡಿ, 200ಸಿ ಮತ್ತು 200ಡಿ ಕೂಡ ಸೇರಿಸಿ. ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಮೂರು ಬೈಟಿನ ಯುಟಿಎಫ್8 ಸಂಕೇತ ಪದ್ಧತಿಯಲ್ಲಿ ಕನ್ನಡ ಚೆನ್ನಾಗಿಯೇ ಕೂರುತ್ತದೆ, ಯಾಕಂದ್ರೆ ನಮ್ಮ ಒಂದೊಂದು ಸಂಕೇತಕ್ಕೂ ಸರಿಯಾಗಿ ಮೂರು ಬೈಟ್. ಓದುಗರು ಒಂದು ಇಮೋಜಿ ಹಾಕಿದ ದಿನ ಎರರ್ ಬರುತ್ತದೆ, ಅದಕ್ಕೆ ನಾಲ್ಕು ಬೈಟ್ ಬೇಕು.

ಹೋದ ವರ್ಷ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊದಲ ತಿಂಗಳಲ್ಲೇ ತನ್ನದೊಂದು ಫೈಲ್ ಸೇರಿಸಿದಳು, ‘ಬೆ೦ಗಳೂರು’. ನೋಡೋಕೆ ಏನೂ ತಪ್ಪಿಲ್ಲ ಅಲ್ವಾ? ನಾನೂ ಎರಡು ಸಲ ನೋಡಿದೆ. ಅದರಲ್ಲಿರುವುದು ಅನುಸ್ವಾರ ಅಲ್ಲ, ಕನ್ನಡ ಅಂಕಿಯ ಸೊನ್ನೆ. ಯಾರೋ ಪಟ್ಟಿ ಟೈಪ್ ಮಾಡುವಾಗ ಹಾಗೆ ಬಂದಿತ್ತು, ಮುನ್ನೂರು ಪುಸ್ತಕ ಹುಡುಕಾಟದಲ್ಲಿ ಸಿಗುತ್ತಿರಲಿಲ್ಲ. ಸೊನ್ನೆಯ ಹಿಂದೆ ಕನ್ನಡ ಅಕ್ಷರವೋ ಗುಣಿತವೋ ಇದ್ದರೆ ಮಾತ್ರ ಅದನ್ನು ಅನುಸ್ವಾರ ಮಾಡು, ಅಂಕಿ ಇದ್ದರೆ ಮುಟ್ಟಬೇಡ ಅಂತ ಅವಳು ಬರೆದ ಒಂದು ಸಾಲು ಈಗ ಹುಡುಕಾಟದ ಫಂಕ್ಷನ್‌ನಲ್ಲಿ ಎಲ್ಲಕ್ಕಿಂತ ಮೊದಲು ಓಡುತ್ತದೆ.

ಈ ಎಲ್ಲಾ ಪದಗಳನ್ನೂ ಒಂದು ಟೆಸ್ಟ್ ಫೈಲ್‌ಗೆ ಹಾಕಿದ್ದೇವೆ, ಹೊಸ ಕೋಡ್ ಏನೇ ಬಂದರೂ ಅವುಗಳ ಮೇಲೆ ಓಡಿಸಿಯೇ ಮುಂದೆ ಹೋಗೋದು. ನಿಮ್ಮ ಸೈಟ್‌ನಲ್ಲಿ ಇವತ್ತೇ ನೋಡಬೇಕು ಅಂದರೆ ಇವನ್ನು ಕಾಪಿ ಮಾಡಿಕೊಳ್ಳಿ: ಬೆಂಗಳೂರು, ಬೆ೦ಗಳೂರು, ಕೋಲಾರ, ರಾಜ್‌ಕುಮಾರ್, ರಾಜ್ಕುಮಾರ್, ರ‍್ಯಾಂಕ್, ಶ್ರೀನಿವಾಸ, ರಾಷ್ಟ್ರ, ಬಸ್ ಬಂತು.